ಗಾಜಿನ ಹಿಂದಿನ ರೊಟ್ಟಿ

ರೊಟ್ಟಿ ಬಡಿಯುವ ಸಪ್ಪಳವನ್ನು ಗಂಟಲಿನಿಂದ ತೆಗೆಯಲು ಬರುವುದಿಲ್ಲ. ಕೋಳಿ, ಕೋಣ, ಚಳಿಗೆ ಚಾಲೂ ಆಗದ ಟ್ರ್ಯಾಕ್ಟರ್, ನಮ್ಮ ಹೆಡ್‌ಮಾಸ್ತರರ ಕೆಮ್ಮು, ಇವೆಲ್ಲ ಗಂಟಲಿನ ಮಾಲು. ರೊಟ್ಟಿ ಕೈಯ ಮಾಲು. ಒದ್ದೆ ಟವೆಲ್ ಮಡಿಸಿ ತೊಡೆಯ ಮೇಲೆ ಹಾಸಿಕೊಳ್ಳಬೇಕು. ಮೊದಲು ಅಂಗೈಯ ಬುಡದಿಂದ ನಿಧಾನಕ್ಕೆ, ದಪ್ಪಗೆ ಬಡಿಯಬೇಕು: ಹಿಟ್ಟು ಇನ್ನೂ ಉಂಡೆಯಾಗಿದೆ. ರೊಟ್ಟಿ ಹರವಿಕೊಂಡಂತೆ ಏಟು ಬೆರಳಿಗೆ ಇಳಿಯಬೇಕು, ವೇಗ ಏರಬೇಕು, ಸಪ್ಪಳ ತೆಳ್ಳಗಾಗಬೇಕು. ನಡುನಡುವೆ ನಾಲಗೆಯನ್ನು ಹಲ್ಲಿನ ಹಿಂದೆ ತಾಗಿಸಿ ಬಳೆಯ ಚಿಣ್ ತೆಗೆಯಬೇಕು. ಕಡೆಗೆ ಒಂದು ಗಳಿಗೆ ಸುಮ್ಮನಿರಬೇಕು, ಯಾಕೆಂದರೆ ಆಗ ರೊಟ್ಟಿ ಗಾಳಿಯಲ್ಲಿದೆ. ಆಮೇಲೆ ಸ್ಟೀಲ್ ತಾಟಿನ ಬೆನ್ನಿಗೆ ಟವೆಲ್ಲಿನ ತುದಿಯಿಂದ ಒಂದೇ ಏಟು, ತುಟಿಯಿಂದ ‘ಸುಂಯ್’. ಹಂಚಿಗೆ ಬಿತ್ತು.

ಆ ಒಂದು ಗಳಿಗೆಯ ಮೌನ ಕಲಿಯುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಈ ಸಪ್ಪಳವನ್ನು ನಾನು ಹುಮನಾಬಾದಿನ ಹೊರಗೆ ಹೈವೇಗೆ ಹತ್ತಿಕೊಂಡ ಒಂದು ರೆಸ್ಟೋರೆಂಟಿಗೆ ಮಾರಿದೆ. ಅದರ ಕತೆ ಇದು. ಸಿಟ್ಟು ಇನ್ನೂ ಇಳಿದಿಲ್ಲ, ಹೀಗಾಗಿ ಅಲ್ಲಲ್ಲಿ ಖಾರ ಜಾಸ್ತಿಯಾದರೆ ಓದುವವರು ನೀರು ಕುಡಿದು ಮುಂದೆ ಹೋಗಬೇಕು.

ಮೊದಲು ನಮ್ಮ ಕಾಕಿಯ, ಅಂದರೆ ಚಿಕ್ಕಮ್ಮನ ವಿಷಯ. ಅವಳು ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ತೀರಿಕೊಂಡ ಮೇಲೆ ಅದೇ ಅವಳ ಹೊಟ್ಟೆಪಾಡು. ನಮ್ಮೂರು ರಾಜೇಶ್ವರದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದಳು. ಹೊಗೆ ಕುಡಿದು ಕಣ್ಣು, ನೆಲಕ್ಕೆ ಕೂತು ಮೊಣಕಾಲು, ಎರಡೂ ತಕರಾರು ತೆಗೆದಿದ್ದವು. ಆದರೂ ಒಲೆಯ ಮುಂದಿನ ಆ ಜಾಗ ಅವಳದು. ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ.

ಬಿಸಿ ರೊಟ್ಟಿಗೆ ನಮ್ಮಲ್ಲಿ ಒಂದು ರಿವಾಜು ಇದೆ. ಉಣ್ಣಲು ಕೂತವರಲ್ಲಿ ಕೊನೆಯವರು ಒಲೆಯ ಕಡೆ ಕೈ ಎತ್ತಿ “ಸಾಕು, ಏಳ್ರಿ” ಅನ್ನಬೇಕು. ಅಲ್ಲಿಯವರೆಗೆ ಬಡಿಯುವವಳು ಏಳುವುದಿಲ್ಲ. ಅಂದ ಮೇಲೆ ಒಂದು ಗಳಿಗೆಯೂ ಕೂರುವುದಿಲ್ಲ, ಕೈ ತೊಳೆದು ಎದ್ದೇ ಬಿಡುತ್ತಾಳೆ. ನನ್ನ ಮೊದಲ ಮಿಮಿಕ್ರಿಯೇ ಇದರ ಮೇಲೆ. ಚಿಕ್ಕವನಿದ್ದಾಗ ಒಮ್ಮೆ ಪಡಸಾಲೆಯ ಬಾಗಿಲ ಹಿಂದೆ ನಿಂತು ಕಾಕಾನ ದನಿಯಲ್ಲಿ “ಸಾಕು. ಏಳು” ಅಂದೆ. ಕಾಕಿ ಎದ್ದಳು, ಒಲೆಗೆ ನೀರು ಹೊಡೆದಳು. ಒಳಗೆ ಕಾಕಾ ಅರ್ಧ ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕಾಯುತ್ತಾ ಕೂತಿದ್ದ. ಆ ದಿನ ನನಗೆ ಸಿಕ್ಕ ಏಟುಗಳನ್ನು ಯಾವ ಕಲಾವಿದನೂ ಅನುಕರಿಸಲಾರ.

ಮುಂದೆ ಅದೇ ವಿದ್ಯೆಯಿಂದ ಮದುವೆ, ಸ್ನೇಹ ಸಮ್ಮೇಳನಗಳಲ್ಲಿ ಮೈಕು ಹಿಡಿಯತೊಡಗಿದೆ. ಬಿ.ಎ. ಮುಗಿಸಿ ಬಸ್ಸಿನ ಹಾರನ್ ಹೊಡೆಯುವವನಿಗೆ ನಮ್ಮ ಊರಲ್ಲಿ ಹೆಣ್ಣು ಕೊಡುವುದಿಲ್ಲ, ಊಟ ಮಾತ್ರ ಹಾಕುತ್ತಾರೆ. ಹುಮನಾಬಾದಿನ ಒಂದು ಮದುವೆಯಲ್ಲಿ ವರನ ಸೋದರಮಾವ ನನ್ನ ಕೋಣದ ಕೂಗು ಕೇಳಿ ಖುಷಿಯಾಗಿ ಬಳಿಗೆ ಕರೆದರು.

“ಏ ಕಲಾಕಾರ್, ಹೈವೇ ಮ್ಯಾಗ ನಂದೊಂದು ಹೋಟೆಲ್ ಚಾಲೂ ಆಗಾಕತ್ತದ. ಹಳ್ಳಿ ಸ್ಟೈಲ್. ಗಿರಾಕಿ ಒಳಗ ಬಂದ ಕೂಡ್ಲೆ ಹಳ್ಳಿ ಕೇಳ್ಬೇಕು, ಹಳ್ಳಿ. ಕೋಳಿ, ಎತ್ತಿನ ಗಂಟಿ, ಎಲ್ಲಾ. ಬರ್ತೀ?”

“ಖರೇ ಕೋಳಿ ಒಂದು ಸಾಕ್ರಲ್ಲ ಮಾಲಕ್ರೇ, ಅಗ್ಗ ಬೀಳ್ತದ.”

“ಅದು ನಾ ಹೇಳಿದಾಗ ಕೂಗಲ್ಲ. ನೀ ಕೂಗ್ತಿ.”

ಪಗಾರ ಗೊತ್ತು ಮಾಡಿಕೊಂಡು ಹೋದೆ.

ಹೆಸರಿನಲ್ಲಿ ಹಳ್ಳಿ ಇತ್ತು, ಉಳಿದದ್ದೆಲ್ಲ ಪ್ಯಾಟಿ. ಗೋಡೆಗೆ ಎತ್ತಿನ ಗಾಡಿಯ ಗಾಲಿ, ಕಂದೀಲಿನೊಳಗೆ ಎಲ್‌ಇಡಿ, ಫೋಟೊ ತೆಗೆಸಿಕೊಳ್ಳಲು ಹುಲ್ಲಿನ ಬಣವೆ. ಅಂಬಲಿ ಉದ್ದ ಕಾಲಿನ ಗಾಜಿನ ಗ್ಲಾಸಿನಲ್ಲಿ, ಕೊಳವೆ ಚುಚ್ಚಿಕೊಂಡು ಬರುತ್ತಿತ್ತು. ಪುಂಡಿಪಲ್ಯ ಬರುತ್ತಿದ್ದದ್ದು ಮಣ್ಣಿನ ಹಣತೆಯಲ್ಲಿ. ಮೊದಲ ಸಲ ನೋಡಿದಾಗ ಬತ್ತಿ ಎಲ್ಲಿ ಎಂದು ಹುಡುಕಿದೆ. ನಂಜಿಕೊಳ್ಳುವ ಶೇಂಗಾ ಹಿಂಡಿ ಒಂದು ಆಟಿಗೆ ಬಂಡಿಯಲ್ಲಿ ಕೂತು ಬರುತ್ತಿತ್ತು, ಒಂದು ಬೆರಳು ಅದ್ದಿದರೆ ಬಂಡಿ ಖಾಲಿ. ಅಲ್ಲಿನ ಒಂದು ತಾಟಿನ ಬೆಲೆಗೆ ಖಾನಾವಳಿಯಲ್ಲಿ ನಮ್ಮ ಮನೆಮಂದಿಯೆಲ್ಲ ಉಂಡು, ಪಾನ್ ಹಾಕಿಕೊಂಡು, ಬಸ್ ಹತ್ತಿ ಊರಿಗೆ ಬರಬಹುದು.

ಮ್ಯಾನೇಜರ್ ಬೆಂಗಳೂರಿನಲ್ಲಿ ಹೋಟೆಲಿನ ಕೋರ್ಸ್ ಮಾಡಿ ಬಂದವರು. ಅವರ ದನಿ ತೆಗೆಯುವುದು ಸುಲಭ: ಮೂಗು ಅರ್ಧ ಮುಚ್ಚಿ, ಪ್ರತಿ ಮಾತಿನ ಕೊನೆಗೆ ಸ್ವಲ್ಪ ನಗಬೇಕು.

“ನಾವು ಊಟ ಮಾರ್ತಾ ಇಲ್ಲ ಗುರು. ಅನುಭವ ಮಾರ್ತಾ ಇದೀವಿ.”

ಕಲ್ಯಾಣದ ನೆಲದಲ್ಲಿ ಅನುಭವ ಎಂಬ ಮಾತಿಗೆ ಒಂದು ತೂಕ ಇದೆ. ಅದನ್ನು ಹಣತೆಯಲ್ಲಿ ಹಾಕಿ ಮಾರಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಊಟದ ಹಾಲಿನ ನಡುವೆ ಗಾಜಿನ ಒಂದು ಕೋಣೆ ಕಟ್ಟಿದ್ದರು. ಅದರೊಳಗೆ ಒಲೆ, ಬಡಿಯುವ ಕಲ್ಲು, ಹಂಚು. ಅಲ್ಲಿ ಒಬ್ಬ ಹೆಣ್ಣುಮಗಳು ಕೂತು ಎಲ್ಲರ ಕಣ್ಣೆದುರು ರೊಟ್ಟಿ ಬಡಿಯಬೇಕು. ಯಾರಾದರೂ ಇದ್ದಾರೆಯೇ ಎಂದು ಮಾಲಕರು ಕೇಳಿದರು. ಕಾಕಿಯ ಹೆಸರು ಹೇಳಿದವನು ನಾನೇ. ಎತ್ತರದ ಕಟ್ಟೆ, ಮೊಣಕಾಲು ಮಡಚಬೇಕಿಲ್ಲ, ಫ್ಯಾನಿನ ಗಾಳಿ, ಹೊಗೆ ಎಳೆಯುವ ಮಷೀನು. ಕಾಕಿ ಎರಡು ದಿನ ಯೋಚಿಸಿ ಖಾನಾವಳಿಯ ಮಾಲಕಿಗೆ ಹೇಳಿಯೇ ಬಂದಳು. ಎಲ್ಲರೂ ‘ಬಾಯಿ’ ಎಂದು ಕರೆಯುವ ಆ ಮಾಲಕಿ ಮುಖ ಸಣ್ಣದು ಮಾಡಿದರಂತೆ. ಮರುದಿನವೇ ಅವಳ ಜಾಗಕ್ಕೆ ಬೇರೆ ಹೆಣ್ಣುಮಗಳನ್ನು ಕೂರಿಸಿದರು. ಒಲೆ ಖಾಲಿ ಇಟ್ಟರೆ ಗಿರಾಕಿ ಕೇಳುವುದಿಲ್ಲವಲ್ಲ.

ಮೊದಲ ವಾರ ಎಲ್ಲ ಸರಿಯಿತ್ತು. ರೊಟ್ಟಿ ಖರೇ, ಬೆಂಕಿ ಖರೇ. ತೊಂದರೆ ಒಂದೇ: ಗಾಜು ದಪ್ಪ. ಕಾಕಿ ಬಡಿಯುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮಾಲಕರ ದೋಸ್ತರೊಬ್ಬರು ಬಂದು, “ಟೀವಿ ಆವಾಜ್ ಬಂದ್ ಮಾಡಿದಂಗ ಅದಲ್ಲೋ ಮಾರಾಯಾ” ಅಂದುಬಿಟ್ಟರು. ಮಾಲಕರಿಗೆ ಅದು ಚುಚ್ಚಿತು.

ಕಾಕಿಯ ಸಪ್ಪಳವನ್ನೇ ಮೊಬೈಲಿನಲ್ಲಿ ಹಿಡಿದೆವು. ಸ್ಪೀಕರಿನಲ್ಲಿ ಹಾಕಿದರೆ ಯಾರೋ ಒದ್ದೆ ಬಾಗಿಲು ತಟ್ಟಿದಂತೆ ಬಂತು. ಮ್ಯಾನೇಜರ್ ತಲೆ ಆಡಿಸಿದರು. “ಒರಿಜಿನಲ್ಲು ಒರಿಜಿನಲ್ ಥರಾ ಕೇಳಿಸ್ತಿಲ್ಲ.” ಇಂಟರ್‌ನೆಟ್ಟಿನಿಂದ ಇಳಿಸಿದ್ದನ್ನು ಹಾಕಿದರು, ಜನ ಚಪ್ಪಾಳೆ ಹೊಡೆದಂತೆ ಕೇಳಿಸಿತು. ಆಗ ನಾನು, ಇಡೀ ಜಿಲ್ಲೆಯಲ್ಲಿ ನನ್ನಂಥ ಶಾಣ್ಯಾ ಇಲ್ಲ ಅನ್ನುವ ಠೀವಿಯಲ್ಲಿ, “ನಾ ಮಾಡ್ತೀನಿ ಬಿಡ್ರಿ” ಅಂದೆ.

ಮೊದಲ ರೆಕಾರ್ಡಿಂಗ್ ಕೇಳಿ ಮಾಲಕರು, “ಕುದುರಿ ಬಂತೇನೋ?” ಅಂದರು. ಎರಡನೆಯದರಲ್ಲಿ ಫ್ರಿಜ್ಜಿನ ಗುಂಯ್ ಸೇರಿಕೊಂಡಿತು. ಬಚ್ಚಲಲ್ಲಿ ಕೂತು ಮಾಡಿದ್ದಕ್ಕೆ ಬಾವಿಯೊಳಗೆ ರೊಟ್ಟಿ ಬಡಿದ ಕಳೆ ಬಂತು. ಕಡೆಗೆ ಉಗ್ರಾಣದಲ್ಲಿ ಹಿಟ್ಟಿನ ಚೀಲಗಳ ನಡುವೆ, ತಲೆಯ ಮೇಲೆ ಕೌದಿ ಹೊದ್ದು, ಬೆವರು ಸುರಿಸುತ್ತಾ ಮಾಡಿದ್ದು ಸರಿಹೋಯಿತು. ಕಾಕಿ ಅದನ್ನು ಕೇಳಿ ಸೆರಗು ಬಾಯಿಗೆ ಹಿಡಿದು ನಕ್ಕಳು.

“ಬರೋಬರ್ ನಂದೇ ಕೈ ಅದಲ್ಲೋ. ಇನ್ನ ನೀನೇ ಕೂಡು ಇಲ್ಲಿ, ನಾ ಮನಿಗಿ ಹೋಗ್ತೀನಿ.”

ಆ ಮಾತಿಗೆ ನಾನೂ ನಕ್ಕಿದ್ದೆ.

ಎರಡನೆಯ ವಾರ ಗಾಜಿಗೆ ಉಗಿ ಹಿಡಿಯಿತು. ಹೊಗೆ ಎಳೆಯುವ ಮಷೀನು ಹೊಗೆ ಎಳೆಯಿತು, ಉಗಿಯನ್ನು ಅಲ್ಲೇ ಬಿಟ್ಟಿತು. ಜನ ಮೊಬೈಲ್ ಹಿಡಿದು ನಿಂತರೆ ಒಳಗೆ ಕಾಕಿ ಮಂಜಿನಲ್ಲಿ ಕೂತವಳಂತೆ ಕಾಣುತ್ತಿದ್ದಳು. ಮ್ಯಾನೇಜರ್ ಪರಿಹಾರ ಹುಡುಕಿದರು: ಬೆಂಕಿ ಬೇಡ. ಒಲೆಯೊಳಗೆ ಒಂದು ಕೆಂಪು ಬಲ್ಬು, ಒಂದು ಸಣ್ಣ ಫ್ಯಾನು, ಅದರ ಮೇಲೆ ಹಾರಾಡುವ ಕಿತ್ತಳೆ ಬಣ್ಣದ ಬಟ್ಟೆಯ ಚೂರುಗಳು. ದೂರದಿಂದ ನೋಡಿದರೆ ಉರಿ. ಹತ್ತಿರದಿಂದ ನೋಡಿದರೆ ಗಣಪತಿ ಮಂಟಪದ ಡೆಕೋರೇಷನ್.

ಬೆಂಕಿ ಇಲ್ಲದ ಮೇಲೆ ರೊಟ್ಟಿ ಬೇಯುವುದೆಲ್ಲಿ? ಅದಕ್ಕೆ ಪ್ಯಾಕೆಟ್ಟು. ಎಲ್ಲಿಂದಲೋ ಮಷೀನಿನಲ್ಲಿ ಒತ್ತಿದ ರೊಟ್ಟಿಗಳು ಪ್ಲಾಸ್ಟಿಕ್ಕಿನಲ್ಲಿ ಬರತೊಡಗಿದವು. ಹಿಂದಿನ ಅಡುಗೆಮನೆಯಲ್ಲಿ ಪ್ಯಾಕೆಟ್ ಹರಿದು, ಓವನ್ನಿನಲ್ಲಿಟ್ಟು ಬಿಸಿ ಮಾಡಿ, ಕತ್ತರಿಸಿ ನಾಲ್ಕು ತ್ರಿಕೋಣ ಮಾಡಿ, ಮೇಲೆ ಒಂದು ಚೂರು ಬೆಣ್ಣೆ ಸವರಿ ಕಳಿಸುತ್ತಿದ್ದರು. ಹಾಲಿನಲ್ಲಿ ಕೂತವನಿಗೆ ಕಾಕಿ ಕಾಣುತ್ತಾಳೆ, ನಾನು ಕೇಳುತ್ತೇನೆ, ಬಾಯಿಗೆ ಪ್ಯಾಕೆಟ್ ಬರುತ್ತದೆ. ಬಿಲ್ಲು ಮಾತ್ರ ಮೂವರದೂ ಸೇರಿಸಿ.

ಕಾಕಿಯ ಕೆಲಸವೀಗ ಒಂದೇ ಉಂಡೆಯನ್ನು ಬಡಿಯುವುದು. ಹರವುವುದು, ಮುದ್ದೆ ಮಾಡುವುದು, ಮತ್ತೆ ಹರವುವುದು. ಜೋಳದ ಹಿಟ್ಟು ಅದಕ್ಕೆ ಒಗ್ಗಲಿಲ್ಲ. ಸ್ವಲ್ಪ ಹೊತ್ತಿಗೇ ಜಿಗಿ ಬಿಟ್ಟು ಅಂಚು ಸೀಳತೊಡಗಿತು. ಮ್ಯಾನೇಜರ್ ಬಂದು ಅದಕ್ಕೆ ಮೈದಾ ಕಲಸಲು ಹೇಳಿದರು. “ಹೇಗೂ ಯಾರೂ ತಿನ್ನಲ್ವಲ್ಲಮ್ಮ.”

ಆ ದಿನ ಊರಿಗೆ ಹೋಗುವ ಬಸ್ಸಿನಲ್ಲಿ ಕಾಕಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹಾಗೆ ಕೂತೇ ಕೇಳಿದಳು:

“ತಮ್ಮಾ, ಅದು ಬೇಯಲ್ಲ. ಯಾರೂ ಉಣ್ಣಲ್ಲ. ಯಾರೂ ಸಾಕು ಅನ್ನಲ್ಲ. ನಾ ಬಡಿಯೋದು ಯಾತಕ್ಕ?”

“ಪಗಾರಕ್ಕ ಕಾಕಿ.”

“ಹೂಂ,” ಅಂದಳು. ಆ ‘ಹೂಂ’ ಇವತ್ತಿಗೂ ನನಗೆ ಅನುಕರಿಸಲು ಬಂದಿಲ್ಲ.

ಗಾಜಿನೊಳಗಿನ ಆ ಜಾಗ ಬಿಟ್ಟರೆ ಅವಳಿಗೆ ಬೇರೆ ಜಾಗವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕಲ್ಯಾಣದಲ್ಲಿ ಅವಳ ಕಲ್ಲಿನ ಮುಂದೆ ಬೇರೆಯವಳು ಕೂತಿದ್ದಳು. ಹೊಲದ ಕೂಲಿಗೆ ಮೊಣಕಾಲು ಒಪ್ಪುತ್ತಿರಲಿಲ್ಲ. ಹೀಗಾಗಿ ಮರುದಿನವೂ ಹೋದೆವು, ಅದರ ಮರುದಿನವೂ.

ಹಾಲಿನಲ್ಲಿ ನಿಂತು ಗಿರಾಕಿಗಳ ಮಾತು ಕೇಳುವುದು ನನ್ನ ಹಳೆಯ ಚಟ. ಕದಿಯಲು ಯಾವುದಾದರೂ ದನಿ ಸಿಗುತ್ತದೆ. ಒಬ್ಬರು ತ್ರಿಕೋಣವನ್ನು ಕಚ್ಚಿ, ಕಣ್ಣು ಮುಚ್ಚಿ, “ಕೈ ರೊಟ್ಟಿ ಅಂದ್ರ ಕೈ ರೊಟ್ಟಿ ನೋಡ್ರಿ, ಆ ರುಚಿ ಮಷೀನಿಗಿ ಎಲ್ಲಿ ಬರಬೇಕು” ಅಂದರು. ಅವರ ಮನೆಯಲ್ಲಿ ಆ ಹೊತ್ತಿಗೆ ಅವರ ತಾಯಿಯೋ ಹೆಂಡತಿಯೋ ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲಿ ಆರುತ್ತಿದ್ದಿರಬೇಕು. ಮಾಲಕರ ಮೇಲೆ ಸಿಟ್ಟು ಬಂದದ್ದು ಆಮೇಲೆ. ನನಗೆ ಮೊದಲು ಸಿಟ್ಟು ಬಂದದ್ದು ಈ ಕಣ್ಣು ಮುಚ್ಚಿದ ಮಹಾಶಯರ ಮೇಲೆ. ಆಮೇಲೆ ನೆನಪಾಯಿತು, ಆ ರುಚಿಗೆ ಸಪ್ಪಳ ಹಾಕಿದವನು ನಾನೇ. ಬೇರೆಯವರನ್ನು ಬೈಯಲು ಹೊರಟಾಗೆಲ್ಲ ನಡುವೆ ನಾನೇ ಅಡ್ಡ ಬರುತ್ತೇನೆ, ಇದೊಂದು ಪೀಡೆ.

ಒಂದು ಭಾನುವಾರ ಮಧ್ಯಾಹ್ನ ಮುಡಬಿಯಿಂದ ಒಬ್ಬ ಮುದುಕಿ ಬಂದಳು. ಜೊತೆಗೆ ಮೊಮ್ಮಗಳು. ತನಗೆ ಬೀದರಿನ ಒಂದು ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಅದರ ಖುಷಿಗೆ ಆಯಿಗೆ ಊಟ ಎಂದು ನನಗೆ ಅವಳೇ ಹೇಳಿದಳು. ಆಯಿಯನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ಚೀಲ ಇಟ್ಟು, “ಇವತ್ ನೀ ಕೂಡು, ಬ್ಯಾರೆಯವ್ರು ಬಡೀಲಿ” ಅಂದಳು. ಮುದುಕಿಯ ಮುಖದಲ್ಲಿ ಒಂದು ಹೆಮ್ಮೆ ಇತ್ತು. ನಿಜ ಹೇಳಬೇಕೆಂದರೆ ಅಂಥವರಿಗಾಗಿ ಇಂಥ ಜಾಗ ಇರಬೇಕು. ಆಯುಷ್ಯವೆಲ್ಲ ಬಡಿದ ಕೈ ಒಂದು ದಿನ ಸುಮ್ಮನಿದ್ದು, ತಣ್ಣನೆಯ ಗಾಳಿಯಲ್ಲಿ ಕೂತು ಉಂಡರೆ ಅದಕ್ಕೆ ಬೆಲೆ ಕೊಡಬಹುದು. ಆ ಹುಡುಗಿ ಕೊಡಲು ಬಂದದ್ದು ಆ ಬೆಲೆಯನ್ನೇ.

ಮುದುಕಿ ಉಂಡಳು. ಹಣತೆಯಲ್ಲಿ ಪಲ್ಯ ಬಂದಾಗ, “ಎಣ್ಣಿ ಕಮ್ಮಿ ಆಗ್ಯದೇನವ್ವ, ದೀಪ ಆರ್ಯದ” ಅಂದಳು. ತ್ರಿಕೋಣಗಳನ್ನು ಜೋಡಿಸಿ ಒಂದು ದುಂಡು ರೊಟ್ಟಿ ಮಾಡಿ ನೋಡಿದಳು. ಉಂಡು ಮುಗಿದ ಮೇಲೆ ಬೆರಳು ತೊಳೆಯುವ ಬಿಸಿನೀರಿನ ಬಟ್ಟಲು ಬಂತು. ಅವಳು ಕೈ ಹಾಕಲಿಲ್ಲ. ಮೊಮ್ಮಗಳ ಭುಜ ಹಿಡಿದು ಎದ್ದಳು.

“ಎಲ್ಲಿಗಿ ಆಯಿ?”

“ಆ ತಾಯಿಗಿ ಸಾಕು ಅಂದು ಬರ್ತೀನಿ. ಆಗಿಂದ ಒಂದಾ ಸವ್ನ ಬಡೀಲಾಕತ್ಯಾಳ. ಅಕಿ ಯಾವಾಗ ಉಣ್ಬೇಕು?”

ಗಾಜಿನ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿದಳು. ಕಾಕಿ ತಲೆ ಎತ್ತಿದಳು. ಮುದುಕಿ ಅಂಗೈ ಎತ್ತಿ ತೋರಿಸಿದಳು. ಮಾತು ಕೇಳುವ ಹಾಗಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಕಾಕಿ ಎದ್ದಳು. ವಿಚಾರ ಮಾಡಿ ಎದ್ದದ್ದಲ್ಲ ಅದು, ಕೈ ತಾನಾಗಿ ನೀರಿಗೆ ಹೋಯಿತು, ಕಾಲು ತಾನಾಗಿ ಎದ್ದಿತು. ಕೈ ತೊಳೆದು, ಸೆರಗಿಗೆ ಒರೆಸಿ, ಮುದುಕಿಯ ಕಡೆ ನೋಡಿ ನಕ್ಕು, ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು.

ಸಪ್ಪಳ ನಿಲ್ಲಲಿಲ್ಲ.

ತಪ್ ತಪ್ ತಪ್, ಬಳೆಯ ಚಿಣ್, ಗಾಳಿಯ ಮೌನ, ಸುಂಯ್. ಖಾಲಿ ಕೋಣೆಯಲ್ಲಿ ಬಟ್ಟೆಯ ಬೆಂಕಿ ಹಾರಾಡುತ್ತಿತ್ತು. ಹಾಲಿನಲ್ಲಿ ಚಮಚಗಳು ನಿಂತವು. ಮುದುಕಿ ಅತ್ತಿತ್ತ ನೋಡಿ, ತಲೆಯ ಮೇಲಿನ ಸ್ಪೀಕರ್ ನೋಡಿ ಕೇಳಿದಳು:

“ಯವ್ವಾ, ಹಂಗಾರ ನಾವು ಉಂಡಿದ್ದು ಯಾರ ರೊಟ್ಟಿ?”

ಯಾರೋ ಪಕ್ಕನೆ ನಕ್ಕರು. ಆಮೇಲೆ ಎಲ್ಲರೂ. ಮೊಮ್ಮಗಳು ಮಾತ್ರ ನಗಲಿಲ್ಲ. ಬಿಲ್ಲು ಇಟ್ಟ ಚರ್ಮದ ಪುಸ್ತಿಕೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು, ಅವಳ ಕಿವಿ ಕೆಂಪಾಗಿತ್ತು. ಖುಷಿಗೆಂದು ಕರೆತಂದ ಆಯಿಯ ಮುಂದೆ ತಾನೇ ಮೋಸ ಮಾಡಿದಂತೆ ತಲೆ ತಗ್ಗಿಸಿದ್ದಳು. ನನ್ನ ಸಿಟ್ಟು ಕುದಿಯತೊಡಗಿದ್ದು ಅಲ್ಲಿಂದ.

ಸಂಜೆ ಮ್ಯಾನೇಜರ್ ನಮ್ಮಿಬ್ಬರನ್ನೂ ಉಗ್ರಾಣಕ್ಕೆ ಕರೆದರು. ನಡೆದದ್ದರಲ್ಲಿ ಮೋಸದ ತಪ್ಪು ಯಾರಿಗೂ ಕಾಣಲಿಲ್ಲ. ಎದ್ದದ್ದೇ ತಪ್ಪು.

“ಯಾರೋ ಕೈ ತೋರಿಸಿದ್ರೆ ಎದ್ದು ಬಿಡೋದಾ ಅಮ್ಮಾ? ಇಲ್ಲಿ ಶಿಫ್ಟ್ ಇದೆ.”

“ಸಾಕು ಅಂದ್ರಲ್ರೀ ಅವ್ರು,” ಅಂದಳು ಕಾಕಿ. ಬೇರೆ ಕಾರಣ ಬೇಕಾಗಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ಮಾಲಕರು ಮುಂದಿನ ಭಾನುವಾರ ದೊಡ್ಡ ಮಂದಿಯನ್ನು ಊಟಕ್ಕೆ ಕರೆದಿದ್ದರು. ಅದು ಸಸೂತ್ರವಾಗಿ ನಡೆದರೆ ಕಾಕಿಯ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮ್ಯಾನೇಜರ್ ಎರಡು ಏರ್ಪಾಡು ಮಾಡಿದರು. ಒಂದು, ಇನ್ನು ಮುಂದೆ ರೆಕಾರ್ಡಿಂಗ್ ಬೇಡ. ನಾನು ಕೋಣೆಯೊಳಗೆ ಕಟ್ಟೆಯ ಮರೆಯಲ್ಲಿ ಕೂತು, ಕಾಕಿಯ ಕೈ ನೋಡುತ್ತಾ ಮೈಕಿನಲ್ಲಿ ಸಪ್ಪಳ ಕೊಡಬೇಕು. ಕೈ ನಿಂತರೆ ಸಪ್ಪಳ ನಿಲ್ಲಬೇಕು. ಎರಡು, ಗಾಜಿಗೆ ಒಂದು ಹಾಳೆ ಅಂಟಿಸಿದರು. ಹೊರಗಿನವರಿಗೆ ಒಳಗಿನದು ಕಾಣುತ್ತದೆ, ಒಳಗಿನವರಿಗೆ ಹೊರಗಿನದು ಕಾಣುವುದಿಲ್ಲ. ಯಾರು ಎಷ್ಟು ಕೈ ಎತ್ತಿದರೂ ಕಾಕಿಗೆ ಗೊತ್ತಾಗುವುದಿಲ್ಲ.

ಆ ವಾರವೆಲ್ಲ ತಾಲೀಮು ಮಾಡಿದೆ. ಕೈಗಿಂತ ಕೂದಲೆಳೆಯಷ್ಟು ಹಿಂದೆ ಸಪ್ಪಳ ಬರುತ್ತಿತ್ತು. ಭುಜ ನೋಡಿದರೆ ಏಟು ಮೊದಲೇ ತಿಳಿಯುತ್ತದೆಂದು ಕಂಡುಕೊಂಡ ಮೇಲೆ ಕೂಡಿಬಂತು. ಅಷ್ಟು ಸಿಟ್ಟು ಇಟ್ಟುಕೊಂಡು ಇಷ್ಟು ಚೊಕ್ಕವಾಗಿ ಕೆಲಸ ಕಲಿತೆನಲ್ಲ ಎಂದು ಇಂದಿಗೂ ನಾಚಿಕೆ. ಆದರೆ ಕಾಕಿಯ ಕೆಲಸ ಉಳಿಯಬೇಕಿತ್ತು.

ಭಾನುವಾರ ಊಟದ ಹಾಲ್ ತುಂಬಿತು. ಹೊರಗಿನ ಗದ್ದಲ ಗಾಜಿನೊಳಗೆ ಮಬ್ಬಾಗಿ ಕೇಳುತ್ತಿತ್ತು. ನಾನು ಕಟ್ಟೆಯ ಬುಡದಲ್ಲಿ ಟವೆಲ್, ತಾಟು, ಮೈಕು ಇಟ್ಟುಕೊಂಡು ಮುದುರಿ ಕೂತೆ. ಬಾಗಿಲು ಮುಚ್ಚಿತು. ಕಾಕಿ ಮೈದಾ ಕಲಸಿದ ಉಂಡೆಯನ್ನು ಕಲ್ಲಿನ ಮೇಲಿಟ್ಟಳು, ತಲೆ ಎತ್ತಿದಳು, ಕೈ ಅಲ್ಲೇ ನಿಲ್ಲಿಸಿದಳು. ನಾನು ಮೈಕಿನ ಗುಂಡಿ ಇನ್ನೂ ಒತ್ತಿರಲಿಲ್ಲ.

“ಯಾಕ ಕಾಕಿ? ಚಾಲೂ ಮಾಡು.”

“ಎದುರಿಗಿ ನಂದೇ ಮಾರಿ ಕೂತದಲ್ಲೋ.”

ಒಳಗಿನಿಂದ ಆ ಗಾಜು ಕನ್ನಡಿಯಾಗಿತ್ತು. ತಾಲೀಮಿನ ದಿನಗಳಲ್ಲಿ ಹಾಳೆ ಅಂಟಿಸಿರಲಿಲ್ಲ, ಅಂಟಿಸಿದ್ದು ಆ ಬೆಳಿಗ್ಗೆ.

“ನೋಡಬ್ಯಾಡ. ಕಲ್ಲು ನೋಡು.”

ಅವಳು ಎರಡು ಏಟು ಹಾಕಿದಳು. ಮತ್ತೆ ಕೈ ನಿಲ್ಲಿಸಿದಳು.

“ನನಗ ನಾನೇ ಬಡದು, ನನಗ ನಾನೇ ತೋರಿಸೋದು ಯಾತರ ಬದುಕೋ ಇದು? ಹೊರಗ ಯಾರ ಅದಾರಂತ ಸುದ್ದಾ ಗೊತ್ತಿಲ್ಲ.” ಉಂಡೆಯನ್ನು ಬದಿಗೆ ಸರಿಸಿದಳು. “ನನಗ ಎಬ್ಬಸೋ ಇಲ್ಲಿಂದ.”

“ಕೆಲಸ ಹೋಗ್ತದ ಕಾಕಿ.”

“ಗೊತ್ತದ. ಯಾರರೇ ಸಾಕು ಅನ್ನೋತನಾ ನನಗ ಏಳಾಕ ಬರಲ್ಲ. ಅವ್ರು ಅನ್ನಲ್ಲ. ನೀ ಅನ್ನು.”

ಗುಂಡಿ ಒತ್ತಿದೆ.

ಮೊದಲು ಅವರಿಗೆ ಬೇಕಾದದ್ದನ್ನೇ ಕೊಟ್ಟೆ: ಒಂದು ರೊಟ್ಟಿ, ಉಂಡೆಯಿಂದ ಹಂಚಿನವರೆಗೆ, ಜೀವಮಾನದಲ್ಲಿ ನಾನು ಬಡಿದ ಅತಿ ಚೆಂದದ ರೊಟ್ಟಿ. ಹಾಲಿನಲ್ಲಿ ‘ವಾಹ್’ ಅಂದದ್ದು ಮಬ್ಬಾಗಿ ಕೇಳಿಸಿತು. ಆಮೇಲೆ ಟವೆಲ್ ಬದಿಗಿಟ್ಟು ಬಾಯಿ ಒಂದರಿಂದಲೇ ಕೆಲಸ ಸುರು ಮಾಡಿದೆ. ಪ್ಲಾಸ್ಟಿಕ್ ಹರಿದೆ, ಪರ್ರ್ರ್. ಓವನ್ನಿನ ಬಾಗಿಲು ಹಾಕಿದೆ, ಠಪ್. ಮೂಗಿನಿಂದ ಅದರ ಗುಂಯ್, ನಿಧಾನಕ್ಕೆ, ಗಿರಾಕಿಗೆ ಅರ್ಥವಾಗುವಷ್ಟು ಹೊತ್ತು. ಟಿಂಗ್, ಟಿಂಗ್, ಟಿಂಗ್. ಚಾಕುವಿನಿಂದ ಎರಡು ಸಲ ಖಚ್. ಕಡೆಗೆ ಮೂಗು ಅರ್ಧ ಮುಚ್ಚಿ, ಕೊನೆಗೆ ಸ್ವಲ್ಪ ನಕ್ಕು, ಮ್ಯಾನೇಜರ್ ದನಿ: “ಬೇಗ ಪ್ಯಾಕೆಟ್ ಒಡೀರಪ್ಪಾ, ಹೊರಗಡೆ ಬಿಸಿ ಬಿಸಿ ಕೈ ರೊಟ್ಟಿ ಕೇಳ್ತಾ ಇದಾರೆ!”

ಹೊರಗೆ ಒಂದು ನಗೆಯ ಅಲೆ ಎದ್ದು ಅರ್ಧಕ್ಕೇ ನಿಂತಿತು. ಯಾರದೋ ಕುರ್ಚಿ ಹಿಂದೆ ಸರಿದ ಕರ್ ಸಪ್ಪಳ. “ಇದು ಪಾಕೀಟಿಂದೇನ್ರೀ?” ಎಂದು ಯಾರೋ ಜೋರಾಗಿ ಕೇಳಿದರು.

ಕಾಕಿ ಇನ್ನೂ ಕಲ್ಲಿನ ಮುಂದೆ ಕೂತಿದ್ದಳು, ನನ್ನ ಕಡೆ ನೋಡುತ್ತಾ. ನನ್ನ ದನಿಯಲ್ಲಿ ಹೇಳಬೇಕೆಂದಿದ್ದೆ. ಬಾಯಿ ತೆರೆದಾಗ ಬಂದದ್ದು ಕಾಕಾನ ದನಿ, ಆ ಹಳೆಯ, ಅವಸರವಿಲ್ಲದ ದನಿ, ಸ್ಪೀಕರಿನ ತುಂಬಾ:

“ಸಾಕು. ಏಳು.”

ಕೈ ತೊಳೆದಳು. ಸೆರಗಿಗೆ ಒರೆಸಿದಳು. ಆ ಉಂಡೆಯನ್ನು ಮಾತ್ರ ಕೈಯಲ್ಲಿ ಹಿಡಿದೇ ನಡೆದಳು.

ಹಿಂದಿನ ಬಾಗಿಲಲ್ಲಿ ಮ್ಯಾನೇಜರ್ ಮೈಕು ಕಸಿದುಕೊಂಡರು. ಅವರ ಬಾಯಿಂದ ಮಾತು ಹೊರಡಲಿಲ್ಲ. ಅವರ ದನಿಯನ್ನು ನಾನು ಆಗಷ್ಟೇ ಖರ್ಚು ಮಾಡಿದ್ದೆ. ಮಾಲಕರು ಓಡಿ ಬಂದರು.

“ನಿನಗ ಅನ್ನ ಹಾಕೀನಿ ನಾ!”

“ಪಾಕೀಟಿಂದು ಹಾಕೀರಿ ಮಾಲಕ್ರೇ,” ಅಂದೆ.

“ನಡೀ ಹೊರಗ. ಅಕೀಗೂ ಕರಕೊಂಡು ನಡೀ.”

ಹೈವೇಯ ಬದಿಗೆ ನಿಂತೆವು. ಒಂದು ಶೇರ್ ಆಟೊ ಸಿಕ್ಕಿತು. ರಾಜೇಶ್ವರದ ದಾರಿ ಅರ್ಧ ಮುಗಿದಾಗ ಕಾಕಿ ನನ್ನ ಬೆನ್ನಿಗೆ ಒಂದು ಏಟು ಹಾಕಿದಳು. ಮೆತ್ತಗಿರಲಿಲ್ಲ.

“ಅಲ್ಲಿ ಯಾಕ ತಂದಿ ನಿಮ್ಮ ಕಾಕಾನ ದನಿ? ಆ ಜಾಗದಾಗ?”

“ಬಂದುಬಿಡ್ತು ಕಾಕಿ.”

“ಬಂದುಬಿಡ್ತಂತ. ಮಂದಿ ದನಿ ಎಲ್ಲಾ ಬರ್ತಾವ ಇವಗ. ತನ್ನದೊಂದು ಬಿಟ್ಟು.”

ಮನೆಗೆ ಬಂದು ಆ ಉಂಡೆಯನ್ನು ಕೋಳಿಗಳ ಮುಂದೆ ಹಾಕಿದಳು. ಒಂದು ಕೋಳಿ ಬಂದು ಕುಕ್ಕಿ, ಕೊಕ್ಕು ನೆಲಕ್ಕೆ ಒರೆಸಿಕೊಂಡು ಹೋಯಿತು.

ಮರುದಿನ ಕಲ್ಯಾಣಕ್ಕೆ ಹೋದೆವು. ಖಾನಾವಳಿಯಲ್ಲಿ ಕಾಕಿಯ ಕಲ್ಲಿನ ಮುಂದೆ ಹೊಸ ಹೆಣ್ಣುಮಗಳು ಕೂತು ಬಡಿಯುತ್ತಿದ್ದಳು. ಮಾಲಕಿ ಕಾಕಿಯನ್ನು ಮೇಲಿಂದ ಕೆಳಗೆ ನೋಡಿದರು.

“ಗಾಜಿನ ಮನಿ ಸಾಕಾಯ್ತೇನು?”

“ಸಾಕಾಯ್ತ್ರಿ ಬಾಯಿ.”

“ಅಕೀಗಿ ಏಳು ಅನ್ನಾಕ ನನಗ ಬಾಯಿ ಬರಲ್ಲ ನೋಡು. ಅಕೀಗೂ ಹೊಟ್ಟಿ ಅದ.”

“ಅನ್ನಬ್ಯಾಡ್ರಿ. ನಾ ಅದಕ್ಕ ಬಂದಿಲ್ಲ.”

ಮಾಲಕಿ ಬೆರಳ ಮೇಲೆ ಲೆಕ್ಕ ಹಾಕಿ, ಬೆಳಗಿನ ಹೊತ್ತು ಬಾ ಅಂದರು, ಅರ್ಧ ಪಗಾರ. ಈಗ ಕಾಕಿ ಬೆಳಿಗ್ಗೆ ಅಲ್ಲಿ ಬಡಿಯುತ್ತಾಳೆ. ಹೊಗೆ ಇದೆ, ಮೊಣಕಾಲು ನೋವಿದೆ. ಬಾಗಿಲಲ್ಲಿ ಯಾರೋ ಡ್ರೈವರು, ಯಾರೋ ಕಾಲೇಜಿನ ಹುಡುಗ ಕೈ ಎತ್ತಿ “ಸಾಕ್ರಿ ಅವ್ವಾ, ಏಳ್ರಿ” ಅನ್ನುತ್ತಾರೆ.

ಆ ಹೈವೇಯ ಜಾಗ ಮುಚ್ಚಿಹೋಯಿತು ಎಂದು ಬರೆಯಲು ನನ್ನ ಕೈ ತುರಿಸುತ್ತದೆ. ಮುಚ್ಚಿಲ್ಲ. ಗಾಜಿನ ಕೋಣೆ ತೆಗೆದು ಅಲ್ಲಿ ಸಿಮೆಂಟಿನ ಎತ್ತು ನಿಲ್ಲಿಸಿದ್ದಾರೆ, ಜನ ಅದರ ಕೊಂಬು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಭಾನುವಾರ ಕುರ್ಚಿ ಸಿಗುವುದಿಲ್ಲ. ದೋಸ್ತರು ನನ್ನನ್ನೇ ಕೇಳುತ್ತಾರೆ, ನೀನು ಒಳಗಿದ್ದವನು, ಅಷ್ಟು ರೊಕ್ಕಕ್ಕೆ ಅಲ್ಲಿ ಉಣ್ಣಬಹುದೇನೋ ಎಂದು. ಬಡಿದವರಿಗೆ ಸಾಕು ಅನ್ನಲು ದಾರಿಯಿಲ್ಲದ ಜಾಗದಲ್ಲಿ ಒಂದು ತುತ್ತೂ ಉಣ್ಣಬೇಡಿ ಅನ್ನುತ್ತೇನೆ. ಅವರು ನಕ್ಕು, ಸಿಮೆಂಟ್ ಎತ್ತಿನ ಕೂಗು ತೆಗಿ ನೋಡೋಣ ಅನ್ನುತ್ತಾರೆ. ತೆಗೆಯುತ್ತೇನೆ. ಸಿಮೆಂಟ್ ಎತ್ತು ಕೂಗುವುದಿಲ್ಲ ಎಂದು ಯಾರಿಗೂ ಹೊಳೆಯುವುದಿಲ್ಲ.

ಖಾನಾವಳಿಗೆ ಮರಳಿದ ಮೊದಲ ದಿನದ ಸಂಜೆ ಕಾಕಿ ಮನೆಯಲ್ಲಿ ಒಲೆ ಹಚ್ಚಿ ನನ್ನನ್ನು ಊಟಕ್ಕೆ ಕರೆದಳು. ಹೊಸ ಜೋಳದ ಹಿಟ್ಟು, ಖರೇ ಬೆಂಕಿ. ನಾನು ಬಾಗಿಲ ಹತ್ತಿರ ಕೂತು ಅವಳ ಕೈಯ ಸಪ್ಪಳ ಕೇಳಿದೆ. ಉಗ್ರಾಣದಲ್ಲಿ ಕೌದಿ ಹೊದ್ದು ಮಾಡಿದ್ದಕ್ಕಿಂತ ಒರಟಾಗಿತ್ತು. ನಡುವೆ ಅವಳು ಕೆಮ್ಮಿದಳು, ಒಂದು ಏಟು ತಪ್ಪಿತು, ಕಟ್ಟಿಗೆ ಮುಂದೆ ತಳ್ಳಲು ನಿಂತಳು. ನನ್ನ ರೆಕಾರ್ಡಿಂಗಿನಲ್ಲಿ ಇದೊಂದೂ ಇರಲಿಲ್ಲ. ಎರಡು ರೊಟ್ಟಿ ತಾಟಿಗೆ ಬಿದ್ದವು. ಮೂರನೆಯ ಉಂಡೆ ಕೈಯಲ್ಲಿ ಹಿಡಿದು ತಿರುಗಿದಳು.

“ಸಾಕೇನೋ?”

ನಾನು ಬಾಯಿ ತೆರೆದೆ. ಅವಳು ಉಂಡೆ ಹಿಡಿದ ಕೈಯನ್ನೇ ಮುಂದೆ ಚಾಚಿ ಬೆರಳು ತೋರಿಸಿದಳು.

“ಅವರ ದನಿ ಬ್ಯಾಡ. ಮಂದಿ ದನಿ ಬ್ಯಾಡ. ನಿಂದೇ ದನಿಲೆ ಹೇಳು.”

ನನ್ನ ದನಿ ಹೇಗಿದೆ ಎಂದು ಹುಡುಕಲು ಸ್ವಲ್ಪ ಹೊತ್ತಾಯಿತು. ಸಣ್ಣಗಿತ್ತು, ಒಂಚೂರು ಒಡೆದಿತ್ತು.

“ಇನ್ನೊಂದು ಹಾಕು ಕಾಕಿ,” ಅಂದೆ.